ಯೀಸ್ಟ್ ಸ್ಟಾರ್ಟರ್‌ಗೆ ಯಾವ ಪಾತ್ರೆ? ಮೊದಲು ಒಲೆ ಯೋಚಿಸಿ, ಆಮೇಲೆ ತಳ ನೋಡಿ

ಮನೆಯಲ್ಲಿ ಬಿಯರ್ ಮಾಡಲು ಯೀಸ್ಟ್ ಬೆಳೆಸೋಣ ಅಂತ ನನ್ನ ಮೊದಲ ಗಾಜಿನ ಫ್ಲಾಸ್ಕನ್ನು ಒಲೆಯ ಮೇಲಿಟ್ಟ ದಿನ ಚೆನ್ನಾಗಿ ನೆನಪಿದೆ. ಎರಡು ಲೀಟರಿನದು. ಒಳಗೆ ಒಂದೂವರೆ ಲೀಟರ್ ನೀರು, 150 ಗ್ರಾಂ ಮಾಲ್ಟ್ ಪುಡಿ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಸಾರವನ್ನು ಒಣಗಿಸಿದ್ದು. ಹತ್ತು ನಿಮಿಷ ಹಸುವಿನ ಹಾಗೆ ಸಾಧುವಾಗಿ ಕೂತಿತ್ತು. ತಳದಿಂದ ಒಂದು ಗುಳ್ಳೆ ಎದ್ದಿತು, ಇನ್ನೊಂದು ಎದ್ದಿತು. ಚಮಚ ತೊಳೆಯೋಣ ಅಂತ ಆ ಕಡೆ ತಿರುಗಿದೆ. ಬುಸ್ ಎಂದು ಸದ್ದು. ತಿರುಗಿ ನೋಡಿದರೆ ಫ್ಲಾಸ್ಕಿನ ಕುತ್ತಿಗೆಯಿಂದ ಕಂದು ನೊರೆ ಕಾರಂಜಿಯ ಹಾಗೆ ಚಿಮ್ಮುತ್ತಿದೆ, ಬರ್ನರ್ ಆರಿಹೋಗಿದೆ, ಅರ್ಧ ಲೀಟರ್ ಅಂಟು ಸಿಹಿನೀರು ಒಲೆಯ ಸಂದುಗೊಂದುಗಳಿಗೆಲ್ಲ ಇಳಿದಿದೆ. ಮನೆಯಲ್ಲಿ ಎರಡು ದಿನ ಸುಟ್ಟ ಸಕ್ಕರೆಯ ವಾಸನೆ.

ತಪ್ಪು ನನ್ನದೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅರ್ಧ ತಪ್ಪು ಪಾತ್ರೆಯ ಆಕಾರದ್ದು. ಅಂದಿನಿಂದ ಸ್ಟಾರ್ಟರ್‌ಗೆ ಪಾತ್ರೆ ಆರಿಸುವವರು ಯಾರು ಕೇಳಿದರೂ ನಾನು ವಾಪಸ್ ಕೇಳುವ ಮೊದಲ ಪ್ರಶ್ನೆ ಒಂದೇ: ಕುದಿಸುವುದು ಎಲ್ಲಿ? ಉತ್ತರ "ಅದೇ ಪಾತ್ರೆಯಲ್ಲಿ" ಎಂದಾದರೆ ಆಯ್ಕೆ ಬಹಳ ಕಡಿಮೆ. "ಬೇರೆ ಪಾತ್ರೆಯಲ್ಲಿ" ಎಂದಾದರೆ ನಿಮ್ಮ ಕಪಾಟಿನಲ್ಲೇ ಒಂದು ಸಿಗಬಹುದು.

ಸ್ಟಾರ್ಟರ್ ಅಂದರೇನು ಅಂತ ಹೊಸಬರಿಗೆ ಎರಡು ಮಾತು. ಮನೆಯಲ್ಲಿ ಬಿಯರ್ ಮಾಡುವವರು ದ್ರವ ಯೀಸ್ಟ್ ತಂದಾಗ ಅದರಲ್ಲಿರುವ ಜೀವಕೋಶಗಳು ಸಾಮಾನ್ಯವಾಗಿ ಸಾಲುವುದಿಲ್ಲ. ಹಳೆಯದಾದಷ್ಟೂ ಬದುಕಿರುವವು ಇನ್ನೂ ಕಡಿಮೆ. ಹಾಗಾಗಿ ಒಂದೆರಡು ದಿನ ಮುಂಚೆ ಸಣ್ಣ ಪ್ರಮಾಣದಲ್ಲಿ ತೆಳು ವರ್ಟ್ (ಮಾಲ್ಟಿನ ಸಿಹಿನೀರು) ಮಾಡಿ, ಅದರಲ್ಲಿ ಯೀಸ್ಟ್ ಬೆಳೆಸುತ್ತಾರೆ. ಲೆಕ್ಕ ಸುಲಭ: ಒಂದು ಲೀಟರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ. ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.037ರ ಆಸುಪಾಸು ಬರುತ್ತದೆ. ಹತ್ತು ಹದಿನೈದು ನಿಮಿಷ ಕುದಿಸಿ, ತಣ್ಣಗೆ ಮಾಡಿ, ಯೀಸ್ಟ್ ಹಾಕಿ, ಒಂದೆರಡು ದಿನ ಬಿಡುವುದು. ಇಲ್ಲಿ ನಾವು ಬಿಯರ್ ಮಾಡುತ್ತಿಲ್ಲ, ಯೀಸ್ಟ್ ಸಾಕುತ್ತಿದ್ದೇವೆ. ಇದು ತಲೆಯಲ್ಲಿದ್ದರೆ ಪಾತ್ರೆಯ ಆಯ್ಕೆ ಅರ್ಧ ಮುಗಿದ ಹಾಗೆ. ಒಣ ಯೀಸ್ಟ್ ಬಳಸುವವರಿಗೆ ಸಾಮಾನ್ಯವಾಗಿ ಈ ತಲೆನೋವೇ ಇಲ್ಲ.

ಎಲ್ಲರೂ ತೋರಿಸುವ ಆ ಫ್ಲಾಸ್ಕ್

ಫ್ಲಾಸ್ಕ್ ಅಂದ ತಕ್ಷಣ ಕಾಫಿ ಬಿಸಿಯಾಗಿಡುವ ಫ್ಲಾಸ್ಕ್ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಶಾಲೆಯ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡುವಾಗ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದ ಶಂಕುವಿನಾಕಾರದ ಗಾಜಿನ ಪಾತ್ರೆ. ಜರ್ಮನ್ ರಸಾಯನಶಾಸ್ತ್ರಜ್ಞ ಎಮಿಲ್ ಎರ್ಲೆನ್‌ಮೇಯರ್ 1860ರ ಹೊತ್ತಿಗೆ ರೂಪಿಸಿದ್ದು. ಅಗಲ ತಳ, ಮೇಲೆ ಹೋಗುತ್ತಾ ಕಿರಿದಾಗುವ ಮೈ, ಉದ್ದ ಕುತ್ತಿಗೆ. ಕೈಯಲ್ಲಿ ಸುತ್ತಿಸಿದರೆ ದ್ರವ ಇಳಿಜಾರು ಗೋಡೆಗೆ ಬಡಿದು ವಾಪಸ್ ಒಳಗೇ ಬೀಳುತ್ತದೆ, ಹೊರಗೆ ಚೆಲ್ಲುವುದಿಲ್ಲ. ಅವನಿಗೆ ಬೇಕಿದ್ದದ್ದು ಅದೇ. ಅವನೇನೂ ಮಾಲ್ಟ್ ಕುದಿಸುವ ಯೋಚನೆಯಲ್ಲಿರಲಿಲ್ಲ.

ಬಿಯರ್ ಮಾಡುವವರು ಇದನ್ನು ಹಚ್ಚಿಕೊಂಡಿದ್ದಕ್ಕೆ ಕಾರಣ ಒಂದು ಆಸೆ. ಅದರಲ್ಲೇ ಕುದಿಸಬಹುದು, ಅದನ್ನೇ ಐಸ್ ನೀರಲ್ಲಿಟ್ಟು ತಣಿಸಬಹುದು, ಅದರಲ್ಲೇ ಯೀಸ್ಟ್ ಬೆಳೆಸಬಹುದು. ಕುದಿಯುವಾಗ ಪಾತ್ರೆಯೂ ಶುದ್ಧವಾಗಿಬಿಡುತ್ತದೆ, ಬೇರೆ ಸ್ಯಾನಿಟೈಸರ್ ಬೇಡ. ಕೇಳಲು ಎಷ್ಟು ಚಂದ. ಇದರಲ್ಲಿ ಮೊದಲ ಭಾಗವೇ ನನ್ನ ಒಲೆ ಹಾಳು ಮಾಡಿದ್ದು.

ಯಾಕೆ ಹಾಗಾಗುತ್ತದೆ ಅಂದರೆ, ಎರಡು ಲೀಟರ್ ಫ್ಲಾಸ್ಕಿನ ತಳ ಸುಮಾರು 16 ಸೆಂಟಿಮೀಟರ್ ಅಗಲ, ಕುತ್ತಿಗೆ ಸುಮಾರು 5. ವಿಸ್ತೀರ್ಣದ ಲೆಕ್ಕ ಹಾಕಿದರೆ ಕುತ್ತಿಗೆ ತಳದ ಹತ್ತನೇ ಒಂದು ಪಾಲು. ತಳದಲ್ಲಿ ಒಂದು ಸೆಂಟಿಮೀಟರ್ ದಪ್ಪ ಇರುವಷ್ಟು ನೊರೆ ಕುತ್ತಿಗೆಗೆ ಬಂದರೆ ಹತ್ತು ಸೆಂಟಿಮೀಟರ್ ಎತ್ತರವಾಗುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಹಾಲು ಉಕ್ಕಿದರೆ ಊದಿ ಇಳಿಸಬಹುದು, ಸೌಟು ಹಾಕಿ ತಿರುವಬಹುದು. ಇಲ್ಲಿ ನೊರೆ ಮೇಲೇರಿದಷ್ಟೂ ವೇಗ ಜಾಸ್ತಿ. ನೀವು ಕೈ ಚಾಚುವುದರೊಳಗೆ ಅದು ಹೊರಗೆ.

ಇನ್ನೊಂದು ಕಾರಣ ಗಾಜಿನ ನುಣುಪು. ಗುಳ್ಳೆ ಹುಟ್ಟಬೇಕಾದರೆ ಒಂದು ಗೀರೋ, ಒರಟು ಜಾಗವೋ ಬೇಕು. ಹೊಸ ಗಾಜಿನಲ್ಲಿ ಅದಿಲ್ಲ. ಹಾಗಾಗಿ ದ್ರವ ತನ್ನ ಕುದಿಬಿಂದುವನ್ನು ದಾಟಿಯೂ ಸುಮ್ನೆ ಇರುತ್ತದೆ. ಆಮೇಲೆ ಒಂದು ನೆಪ ಸಿಕ್ಕಿದರೆ ಸಾಕು, ಕೂಡಿಟ್ಟ ಶಾಖವೆಲ್ಲ ಒಂದೇ ಏಟಿಗೆ ಆವಿಯಾಗಿ ಎದ್ದು ಬರುತ್ತದೆ. ಮಾಲ್ಟಿನ ಪ್ರೋಟೀನ್ ಅದನ್ನು ನೊರೆಯಾಗಿ ಹಿಡಿದಿಡುತ್ತದೆ. ಇದಕ್ಕೇ, ಬಿಸಿಯಾದ ಫ್ಲಾಸ್ಕಿಗೆ ಮಾಲ್ಟ್ ಪುಡಿಯನ್ನಾಗಲಿ, ಸ್ಟರ್ ಬಾರನ್ನಾಗಲಿ (ದ್ರವ ಕಲಕುವ ಸಣ್ಣ ಅಯಸ್ಕಾಂತ) ಆಮೇಲೆ ಹಾಕಬಾರದು. ಹಾಕುವುದಿದ್ದರೆ ತಣ್ಣಗಿರುವಾಗಲೇ ಹಾಕಿ. ಸ್ಟರ್ ಬಾರ್ ಮೊದಲೇ ಒಳಗಿದ್ದರೆ ಗುಳ್ಳೆಗಳಿಗೆ ಹುಟ್ಟಲು ಒಂದು ಜಾಗ ಸಿಕ್ಕಿ ಕುದಿ ಸ್ವಲ್ಪ ಹದವಾಗಿರುತ್ತದೆ. ನೊರೆ ಇಳಿಸಲು ಬ್ರೂಯಿಂಗ್ ಹನಿಗಳೂ ಸಿಗುತ್ತವೆ. ಹೊಟ್ಟೆ ಉಬ್ಬರದ ಮಾತ್ರೆಯಲ್ಲಿರುವ ಸಿಮೆಥಿಕೋನ್‌ನದೇ ಕೆಲಸ ಅದು: ಗುಳ್ಳೆ ಒಡೆಯುವುದು. ನಾಲ್ಕೈದು ಹನಿ ಸಾಕು. ಎರಡು ಲೀಟರ್ ಫ್ಲಾಸ್ಕಿನಲ್ಲಿ ಒಂದು ಲೀಟರಿಗಿಂತ ಜಾಸ್ತಿ ಕುದಿಸಬೇಡಿ ಎನ್ನುವುದು ನನ್ನ ಮಾತು.

ಇಷ್ಟೆಲ್ಲ ಸರ್ಕಸ್ ಯಾಕೆ? ಸಾದಾ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಮುಚ್ಚಳ ಮುಚ್ಚಿ, ಸಿಂಕಿನಲ್ಲಿ ತಣ್ಣೀರಿಗಿಟ್ಟು ಆರಿಸಿ, ಸ್ಯಾನಿಟೈಸರ್‌ನಲ್ಲಿ ತೊಳೆದ ಪಾತ್ರೆಗೆ ಸುರಿಯಿರಿ. ಒಂದು ಪಾತ್ರೆ ಜಾಸ್ತಿ ತೊಳೆಯಬೇಕು, ಅಷ್ಟೇ. ಅದಕ್ಕೆ ಪ್ರತಿಯಾಗಿ, ಬೆಳೆಸುವ ಪಾತ್ರೆ ಬೆಂಕಿ ತಡೆಯಬೇಕು ಎನ್ನುವ ಷರತ್ತೇ ಬಿದ್ದುಹೋಗುತ್ತದೆ.

ಗಾಜು ಒಡೆಯುವುದು ಬಿಸಿಗಲ್ಲ

ಫ್ಲಾಸ್ಕನ್ನು ಒಲೆ ಮೇಲೆ ಇಡಲೇಬೇಕು ಅನ್ನುವವರಿಗೆ ಗಾಜಿನ ಜಾತಿ ಗೊತ್ತಿರಬೇಕು. ಗಾಜು ಬಿಸಿಯಾಗಿದ್ದಕ್ಕೆ ಒಡೆಯುವುದಿಲ್ಲ. ಒಂದು ಭಾಗ ಬಿಸಿ, ಪಕ್ಕದ ಭಾಗ ತಣ್ಣಗೆ ಇದ್ದಾಗ ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಆ ಎಳೆದಾಟಕ್ಕೆ ಒಡೆಯುತ್ತದೆ. ಲ್ಯಾಬಿನ ಬೋರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಜರ್ಮನಿಯ ಯೇನಾದಲ್ಲಿ ಓಟ್ಟೋ ಶಾಟ್ 1880ರ ದಶಕದಲ್ಲಿ ಇದನ್ನು ತಯಾರಿಸಿದ. 1915ರಲ್ಲಿ ಕಾರ್ನಿಂಗ್ ಕಂಪನಿಯ ಪೈರೆಕ್ಸ್ ಮೂಲಕ ಅದು ಅಡುಗೆಮನೆಗೂ ಬಂತು. ಹಾಗಂತ ಅಡುಗೆಮನೆಯ ಗಾಜೆಲ್ಲ ಬೋರೋಸಿಲಿಕೇಟ್ ಅಲ್ಲ. ಅವನ್‌ಗೆ ಆಗುತ್ತದೆ ಎಂದು ಬರೆದಿದ್ದರೂ ಅದು ಹದಗೊಳಿಸಿದ ಸಾಮಾನ್ಯ ಗಾಜಿರಬಹುದು. ಒಲೆಗೆ ಇಡುವ ಪಾತ್ರೆಯ ಮೇಲೆ ಬೋರೋಸಿಲಿಕೇಟ್ ಎಂದು ಸ್ಪಷ್ಟವಾಗಿ ಇರಬೇಕು.

ಇದ್ದರೂ ಅದೇನು ಚಿರಂಜೀವಿಯಲ್ಲ. ಅಂಚು ಮುಕ್ಕಾದ, ತಳದಲ್ಲಿ ಗೀರು ಬಿದ್ದ ಫ್ಲಾಸ್ಕನ್ನು ಒಲೆಗೆ ಇಡಬೇಡಿ. ಕುದಿ ಇಳಿಸಿ ಒದ್ದೆ ಕಲ್ಲಿನ ಮೇಲೆ ಇಡಬೇಡಿ, ಒಣ ಬಟ್ಟೆ ಹಾಸಿ. ಐದು ಹತ್ತು ನಿಮಿಷ ಬಿಟ್ಟು, ಮೊದಲು ಉಗುರುಬೆಚ್ಚಗಿನ ನೀರಿಗೆ, ಆಮೇಲೆ ತಣ್ಣೀರಿಗೆ. ಇಂಡಕ್ಷನ್ ಒಲೆಗೆ ಗಾಜು ಹೇಗೂ ಆಗುವುದಿಲ್ಲ.

ದಪ್ಪ ಗಾಜಿನ ಜಗ್ಗು, ಉಪ್ಪಿನಕಾಯಿ ಜಾರು, ದೊಡ್ಡ ಬಾಟಲಿ ಇವೆಲ್ಲ ಸಾಮಾನ್ಯ ಗಾಜಿನವು. ನೋಡಲು ಗಟ್ಟಿ. ಆದರೆ ದಪ್ಪ ಇರುವುದೇ ತೊಂದರೆ. ಒಳಮೈ ಬಿಸಿಯಾದರೂ ಹೊರಮೈಗೆ ಸುದ್ದಿ ತಲುಪಿರುವುದಿಲ್ಲ. ಕುದಿಯುವ ವರ್ಟ್ ಸುರಿದರೆ ತಳ ಬಿಲ್ಲೆಯ ಹಾಗೆ ಕಳಚಿ ಬರಬಹುದು. ತಣ್ಣಗಾದ ವರ್ಟ್ ಸುರಿಯುವವರಿಗೆ ಮಾತ್ರ ಇವು ಒಳ್ಳೆಯ ಪಾತ್ರೆಗಳು.

ತಳ

ಸ್ಟರ್ ಪ್ಲೇಟ್ ಇರುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆದರೆ ಅಂಗಡಿಯಲ್ಲಿ ಯಾರೂ ಪಾತ್ರೆ ತಿರುಗಿಸಿ ತಳ ನೋಡುವುದಿಲ್ಲ.

ಸ್ಟರ್ ಪ್ಲೇಟ್ ಅಂದರೆ ಒಳಗೆ ತಿರುಗುವ ಅಯಸ್ಕಾಂತ ಇರುವ ಪೆಟ್ಟಿಗೆ. ಮನೆಯಲ್ಲೇ ಕಂಪ್ಯೂಟರ್ ಫ್ಯಾನಿಗೆ ಅಯಸ್ಕಾಂತ ಅಂಟಿಸಿ ಮಾಡಿಕೊಳ್ಳುವವರೂ ಇದ್ದಾರೆ. ಪಾತ್ರೆಯೊಳಗೆ ಮಾತ್ರೆಯ ಆಕಾರದ ಸಣ್ಣ ಅಯಸ್ಕಾಂತ ಹಾಕುತ್ತಾರೆ. ಅದೇ ಸ್ಟರ್ ಬಾರ್. ಕೆಳಗಿನದು ತಿರುಗಿದ ಹಾಗೆ ಮೇಲಿನದೂ ತಿರುಗಿ ದ್ರವವನ್ನು ಕಲಕುತ್ತದೆ. ಯೀಸ್ಟ್ ತಳಕ್ಕೆ ಕೂರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಬೇಗ ಹೊರಹೋಗುತ್ತದೆ, ಮೇಲ್ಮೈಯಲ್ಲಿ ಗಾಳಿ ಬೆರೆಯುತ್ತದೆ. ದೊಡ್ಡ ಸುಳಿ ಏಳಬೇಕಿಲ್ಲ. ಮೇಲ್ಮೈಯಲ್ಲಿ ಸಣ್ಣ ಗುಳಿ ಕಂಡರೆ ಸಾಕು.

ಅಯಸ್ಕಾಂತದ ಹಿಡಿತ ದೂರ ಹೋದ ಹಾಗೆ ತಟ್ಟನೆ ಕುಸಿಯುತ್ತದೆ. ಬಹಳಷ್ಟು ಜಾರು, ಜಗ್ಗುಗಳ ತಳದ ನಡುಭಾಗ ಒಳಗಡೆಗೆ ಉಬ್ಬಿರುತ್ತದೆ. ಆ ಉಬ್ಬಿನ ಮೇಲೆ ಕೂತ ಸ್ಟರ್ ಬಾರಿಗೆ ಎರಡು ಕಷ್ಟ. ಪ್ಲೇಟಿನಿಂದ ದೂರವಾಯಿತು, ಮತ್ತೆ ಇಳಿಜಾರಿನ ಮೇಲೆ ನಿಂತಿದೆ. ಸ್ವಲ್ಪ ವೇಗ ಕೊಟ್ಟರೆ ಜಾರಿ ಮೂಲೆಗೆ ಹೋಗಿ ಟಿಕ್ ಟಿಕ್ ಟಿಕ್ ಎಂದು ಗಾಜಿಗೆ ಬಡಿಯುತ್ತಾ ಕೂರುತ್ತದೆ. ಅರ್ಧ ರಾತ್ರಿಯಲ್ಲಿ ಆ ಸದ್ದು ಕೇಳಿ ಎದ್ದವರಿಗೇ ಗೊತ್ತು. ಎರ್ಲೆನ್‌ಮೇಯರ್ ಫ್ಲಾಸ್ಕ್ ನಿಜವಾಗಿ ಗೆಲ್ಲುವುದು ಇಲ್ಲಿ. ತಳ ಸಪಾಟು, ಗಾಜು ತೆಳು. ಕುದಿಸುವುದಕ್ಕಲ್ಲ, ಇದಕ್ಕಾಗಿ ಅದನ್ನು ಕೊಳ್ಳಿ.

ಜಾರು ಆರಿಸುವುದಾದರೆ ತಳದ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು ನೋಡಿ. ನಡುವೆ ಬೆಳಕು ಕಂಡಷ್ಟೂ ಉಬ್ಬು ಜಾಸ್ತಿ. ಮನೆಗೆ ತಂದ ಮೇಲೆ ಬರೀ ನೀರು ತುಂಬಿ, ಬಾರ್ ಹಾಕಿ, ಒಂದು ಗಂಟೆ ಓಡಿಸಿ. ಯೀಸ್ಟ್ ಹಾಕಿದ ಮೇಲೆ ತಿಳಿಯುವುದಕ್ಕಿಂತ ಇದು ವಾಸಿ. ಸ್ವಲ್ಪ ಉಬ್ಬಿದ್ದರೆ ಬಾರಿನ ಉದ್ದ ಬದಲಿಸಿ ನೋಡಬಹುದು.

ಸ್ಟೀಲ್ ಪಾತ್ರೆಯಲ್ಲೇ ಬೆಳೆಸಬಹುದಾ ಅಂತ ಕೇಳುತ್ತಾರೆ. ಬೆಳೆಸಬಹುದು. ಡೆನ್ಮಾರ್ಕಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ಇವತ್ತಿಗೂ ಬ್ರೂವರಿ ಲ್ಯಾಬುಗಳಲ್ಲಿ ಕಾರ್ಲ್ಸ್‌ಬರ್ಗ್ ಫ್ಲಾಸ್ಕ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವ ಪಾತ್ರೆ ಲೋಹದ್ದೇ. ಮನೆಯಲ್ಲಿ ತೊಡಕು ಎರಡು. ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಇನ್ನೊಂದು, ಇಂಡಕ್ಷನ್‌ಗೆ ಆಗುವ ಪಾತ್ರೆಯ ತಳದಲ್ಲಿ ಅಯಸ್ಕಾಂತಕ್ಕೆ ಅಂಟುವ ಲೋಹದ ಪದರ ಇರುತ್ತದೆ. ಅದು ಸ್ಟರ್ ಪ್ಲೇಟಿನ ಹಿಡಿತವನ್ನು ನುಂಗಿಬಿಡುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ಪಾತ್ರೆಯ ತಳಕ್ಕೆ ಹಿಡಿಯಿರಿ. ಅಂಟಿಕೊಂಡರೆ ಆ ಪಾತ್ರೆ ಕುದಿಸಲು ಮಾತ್ರ.

ಎಷ್ಟು ದೊಡ್ಡದು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಬೆಚ್ಚಗೆ ಹುಳಿಯುವ ಏಲ್ ಬಿಯರಿಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ವರ್ಟಿನ ಸಕ್ಕರೆ ಅಂಶದ ಅಳತೆ) 7.5 ಲಕ್ಷ ಕೋಶ ಹಾಕುವುದು ರೂಢಿ. ತಣ್ಣಗೆ ಹುಳಿಯುವ ಲಾಗರ್‌ಗೆ ಅದರ ದುಪ್ಪಟ್ಟು. 20 ಲೀಟರ್ ವರ್ಟ್, ಗ್ರಾವಿಟಿ 1.050 ಇದ್ದರೆ ಅದು ಸುಮಾರು 12.4 ಡಿಗ್ರಿ ಪ್ಲೇಟೋ. ಗುಣಿಸಿದರೆ ಏಲ್‌ಗೆ 18,600 ಕೋಟಿ ಕೋಶ, ಲಾಗರ್‌ಗೆ 37,000 ಕೋಟಿಗೂ ಮೇಲೆ. 10,000 ಕೋಟಿ ಕೋಶ ಇರುವ ತಾಜಾ ಪ್ಯಾಕ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಏಲ್‌ಗೆ ಒಂದರಿಂದ ಒಂದೂವರೆ ಲೀಟರ್ ಸ್ಟಾರ್ಟರ್ ಮಾಡಿದರೆ ನಡೆಯುತ್ತದೆ. ಲಾಗರ್‌ಗೆ ಮೂರು ಲೀಟರಿನ ಮೇಲೆ ಬೇಕು, ಇಲ್ಲವೇ ಎರಡು ಕಂತಿನಲ್ಲಿ ಬೆಳೆಸಬೇಕು.

ಪಾತ್ರೆ ಇದಕ್ಕಿಂತ ದೊಡ್ಡದಿರಬೇಕು. ಯೀಸ್ಟ್ ಚುರುಕಾದಾಗ ನೊರೆ ಏಳುತ್ತದೆ. ಕೆಲವು ತಳಿಗಳಂತೂ ಬಾಯಿಗೆ ಮುಚ್ಚಿದ ಫಾಯಿಲ್ ಎತ್ತಿ ಹೊರಗೆ ಬರುತ್ತವೆ. ಕಾಲು ಭಾಗವಾದರೂ ಖಾಲಿ ಬಿಡಿ, ಮೂರನೇ ಒಂದು ಭಾಗ ಬಿಟ್ಟರೆ ಇನ್ನೂ ನೆಮ್ಮದಿ. ಅಂದರೆ ಏಲ್ ಮಾಡುವವರಿಗೆ ಎರಡು ಲೀಟರ್ ಫ್ಲಾಸ್ಕ್ ಸರಿಹೋಗುತ್ತದೆ. ಒಂದು ಲೀಟರಿನದು ಮುದ್ದಾಗಿ ಕಾಣುತ್ತದೆ, ಕೊಳ್ಳಬೇಡಿ. ಮೂರು ಸಲ ಬಳಸಿದ ಮೇಲೆ ಅದು ಹೂದಾನಿಯಾಗುತ್ತದೆ. ಸಣ್ಣ ಬ್ಯಾಚ್ ಮಾಡುವವರ ಮಾತು ಬೇರೆ.

ಐದು ಲೀಟರ್ ಫ್ಲಾಸ್ಕಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ತುಂಬಿದರೆ ಒಂದು ಕೈಯಲ್ಲಿ ಎತ್ತಲಾಗುವುದಿಲ್ಲ. ಒದ್ದೆ ಕುತ್ತಿಗೆ ಹಿಡಿದು ಎತ್ತುವಾಗ ಜೀವ ಬಾಯಿಗೆ ಬರುತ್ತದೆ. ಫ್ರಿಜ್ಜಿನ ಕಥೆಯೂ ಇದೆ. ಬೆಳೆದ ಯೀಸ್ಟ್ ತಳಕ್ಕೆ ಕೂರಲು ಒಂದೆರಡು ದಿನ ತಣ್ಣಗಿಡಬೇಕು. ಆಮೇಲೆ ಮೇಲಿನ ತೆಳು ಬಿಯರ್ ಚೆಲ್ಲಿ ಕೆಳಗಿನ ಗಸಿ ಬಳಸುವುದು. ಎರಡು ಲೀಟರ್ ಫ್ಲಾಸ್ಕೇ ಸುಮಾರು 28 ಸೆಂಟಿಮೀಟರ್ ಎತ್ತರ, ಐದು ಲೀಟರಿನದು ಇನ್ನೂ ಎತ್ತರ. ಕೊಳ್ಳುವ ಮುಂಚೆ ಫ್ರಿಜ್ಜಿನ ತಟ್ಟೆಗಳ ನಡುವಿನ ಜಾಗ ಅಳೆಯಿರಿ. ಲಾಗರ್ ಮಾಡುವವರಿಗೆ ಸಪಾಟು ತಳದ, ಅಗಲ ಬಾಯಿಯ ನಾಲ್ಕೈದು ಲೀಟರ್ ಗಾಜಿನ ಜಾರು ವಾಸಿ ಎನ್ನುವುದು ನನ್ನ ಅಭಿಪ್ರಾಯ. ಎತ್ತರ ಕಡಿಮೆ, ಒಳಗೆ ಕೈ ಹೋಗುತ್ತದೆ, ಬ್ರಷ್ ಹುಡುಕಬೇಕಿಲ್ಲ.

ಫ್ಲಾಸ್ಕಿನ ಮೇಲಿನ ಗೆರೆಗಳನ್ನು ಅಷ್ಟಾಗಿ ನಂಬಬೇಡಿ. ಅವು ಅಂದಾಜಿನವು, ಶೇ. 5ರಷ್ಟು ಆಚೀಚೆ ಇರುತ್ತವೆ. ಸ್ಟಾರ್ಟರ್‌ಗೆ ಅಷ್ಟು ಧಾರಾಳವಾಗಿ ಸಾಕು.

ಸ್ಟರ್ ಪ್ಲೇಟ್ ಇಲ್ಲದಿದ್ದರೆ

ಆಗ ಮೇಲಿನ ನಿಯಮಗಳು ತಲೆಕೆಳಗಾಗುತ್ತವೆ. ತಳ ಹೇಗಾದರೂ ಇರಲಿ, ಖಾಲಿ ಜಾಗ ಮುಖ್ಯ. ಒಂದು ಲೀಟರ್ ವರ್ಟನ್ನು ನಾಲ್ಕೈದು ಲೀಟರಿನ ಪಾತ್ರೆಗೆ ಹಾಕಿ, ಮುಚ್ಚಳ ಬಿಗಿದು, ಒಳಗೆಲ್ಲ ನೊರೆ ತುಂಬುವ ತನಕ ಜೋರಾಗಿ ಕುಲುಕುವುದು. ಆಮೇಲೆ ಮುಚ್ಚಳ ಸಡಿಲಿಸಿ ಬಿಟ್ಟುಬಿಡುವುದು.

ಯೀಸ್ಟಿಗೆ ತನ್ನ ಕೋಶದ ಪೊರೆ ಕಟ್ಟಿಕೊಳ್ಳಲು ಸ್ಟೆರಾಲ್ ಬೇಕು, ಸ್ಟೆರಾಲ್ ಮಾಡಲು ಆಮ್ಲಜನಕ ಬೇಕು. ಒಂದು ಲೀಟರ್ ವರ್ಟಿನಲ್ಲಿ ಗಾಳಿಯಿಂದ ಕರಗುವುದು ಸುಮಾರು 8 ಮಿಲಿಗ್ರಾಂ. ಆದರೆ ಮೇಲಿನ ನಾಲ್ಕು ಲೀಟರ್ ಖಾಲಿ ಜಾಗದ ಗಾಳಿಯಲ್ಲಿ ಒಂದು ಗ್ರಾಮಿನಷ್ಟು ಆಮ್ಲಜನಕ ಇದೆ. ನೂರು ಪಟ್ಟಿಗೂ ಜಾಸ್ತಿ! ನಾವು ಖಾಲಿ ಎನ್ನುವ ಜಾಗವೇ ಯೀಸ್ಟಿನ ಉಗ್ರಾಣ.

ಕುಲುಕುವುದಕ್ಕೆ ನಾನು ಗಾಜು ಬಳಸುವುದಿಲ್ಲ. ಒದ್ದೆ ಕೈ, ಐದು ಲೀಟರ್ ಗಾಜು, ಗಟ್ಟಿ ನೆಲ, ಇದು ಒಳ್ಳೆಯ ಜೊತೆಯಲ್ಲ. ಪೆಟ್ ಪ್ಲಾಸ್ಟಿಕ್ಕಿನ ದೊಡ್ಡ ನೀರಿನ ಬಾಟಲಿ ಇಲ್ಲಿ ಚೆನ್ನಾಗಿ ಒದಗುತ್ತದೆ. ಅದು 70 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ಹಾಗಾಗಿ ವರ್ಟ್ ಪೂರ್ತಿ ಆರಿರಬೇಕು. ಒಳಗೆ ಒರಟು ಬ್ರಷ್ ಹಾಕಬೇಡಿ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಬ್ಯಾಕ್ಟೀರಿಯಾ ಅಡಗಿದರೆ ಸ್ಯಾನಿಟೈಸರ್‌ಗೆ ಸಿಗುವುದಿಲ್ಲ. ಗೀರಾದರೆ ಆ ಬಾಟಲಿಗೆ ವಿದಾಯ ಹೇಳಿ.

ಬಾಯಿಗೆ ಏನು ಮುಚ್ಚುವುದು

ಅಲ್ಯೂಮಿನಿಯಂ ಫಾಯಿಲ್. ಸ್ಯಾನಿಟೈಸರ್ ಚಿಮುಕಿಸಿ, ಬಾಯಿಯ ಮೇಲಿಂದ ಟೋಪಿಯ ಹಾಗೆ ಸಡಿಲವಾಗಿ ಇಳಿಬಿಟ್ಟರೆ ಸಾಕು. ಧೂಳು, ಸೂಕ್ಷ್ಮಜೀವಿ ಮೇಲಿನಿಂದ ಬೀಳುತ್ತವೆಯೇ ಹೊರತು ಅಂಚು ಹತ್ತಿ ಇಳಿಯುವುದಿಲ್ಲ. 1860ರ ದಶಕದ ಆರಂಭದಲ್ಲಿ ಲೂಯಿ ಪಾಶ್ಚರ್ ಹಂಸದ ಕೊರಳಿನ ಹಾಗೆ ಬಾಗಿದ ಫ್ಲಾಸ್ಕುಗಳಿಂದ ತೋರಿಸಿದ್ದೂ ಇದನ್ನೇ. ಗಾಳಿ ಒಳಗೆ ಹೋದರೂ ಧೂಳು ಬಾಗಿನಲ್ಲೇ ನಿಂತು ಸಾರು ಕೆಡಲಿಲ್ಲ.

ಏರ್‌ಲಾಕ್ (ಅನಿಲ ಹೊರಬಿಟ್ಟು ಗಾಳಿ ಒಳಬಿಡದ, ನೀರು ತುಂಬಿದ ನಳಿಕೆ) ಹಾಕಿದರೆ ಆಮ್ಲಜನಕ ಬರುವ ದಾರಿ ಮುಚ್ಚಿದ ಹಾಗೆ. ಫ್ರಿಜ್ಜಿನಲ್ಲಿಟ್ಟಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕಿನ ನೀರನ್ನು ಒಳಗೆ ಎಳೆದುಕೊಳ್ಳುವುದೂ ಉಂಟು. ಇನ್ನು ಬಿಗಿ ಮುಚ್ಚಳ ಮಾತ್ರ ಬೇಡವೇ ಬೇಡ. ಒಂದು ಲೀಟರ್ ಸ್ಟಾರ್ಟರ್ ಹತ್ತು ಲೀಟರಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಿದ ಗಾಜಿನ ಜಾರಿನಲ್ಲಿ ಅದು ಬಾಂಬ್.

ಹಾಗೆಯೇ, ಕುದಿಸಿದ ವರ್ಟನ್ನು ಜಾರಿಗೆ ತುಂಬಿ ಮುಚ್ಚಿ, ಮುಂದಿನ ಸಲಕ್ಕೆ ಅಂತ ಕಪಾಟಿನಲ್ಲಿ ಇಡುವವರಿದ್ದಾರೆ. ಇದು ಅಪಾಯ. ವರ್ಟಿನ ಪಿಎಚ್ 5ಕ್ಕಿಂತ ಮೇಲೆ. 4.6ಕ್ಕಿಂತ ಜಾಸ್ತಿ ಇದ್ದು, ಗಾಳಿಯಿಲ್ಲದ ಜಾಗ ಸಿಕ್ಕರೆ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಗಳು ಮೊಳೆತು ವಿಷ ಮಾಡಬಲ್ಲವು. ಬರೀ ಕುದಿತಕ್ಕೆ ಆ ಬೀಜಕಗಳು ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿ ತಲುಪಿಸುವ ಪ್ರೆಷರ್ ಕ್ಯಾನರ್ ಮತ್ತು ಅದಕ್ಕೆಂದೇ ಮಾಡಿದ ಜಾರು ಇದ್ದರೆ ಮಾತ್ರ ಹೊರಗಿಡುವ ಮಾತು. ಇಲ್ಲದಿದ್ದರೆ ಪ್ರತಿ ಸಲ ಹೊಸದಾಗಿ ಕುದಿಸಿ.

ತೊಳೆಯುವುದರ ಬಗ್ಗೆ ಹೆಚ್ಚೇನಿಲ್ಲ. ಕುತ್ತಿಗೆಯ ಸುತ್ತ ಒಣಗಿದ ನೊರೆಯ ಉಂಗುರ ಕೂರುತ್ತದೆ. ಬಳಸಿದ ಕೂಡಲೇ ನೀರು ತುಂಬಿಟ್ಟರೆ ಬಿಡುತ್ತದೆ. ಮರೆತರೆ ಸೋಡಿಯಂ ಪರ್‌ಕಾರ್ಬೊನೇಟ್ ಬೆರೆಸಿದ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ.

ಕೊನೆಗೆ ಯೀಸ್ಟ್ ಸುರಿಯುವಾಗ ಹೊರಗಿನಿಂದ ತಳಕ್ಕೆ ಒಂದು ಗಟ್ಟಿ ಅಯಸ್ಕಾಂತ ಹಿಡಿಯಿರಿ. ಒಳಗಿನ ಸ್ಟರ್ ಬಾರ್ ಅದಕ್ಕೆ ಅಂಟಿಕೊಂಡು ನಿಲ್ಲುತ್ತದೆ. ನಾನು ಒಂದು ಸಲ ಇದನ್ನು ಮರೆತೆ. ಬ್ಲುಪ್ ಎಂದಿತು. ಮೂರು ವಾರ ಕಳೆದು ಬಿಯರ್ ಬಾಟಲಿಗೆ ತುಂಬಿದ ಮೇಲೆ, ಫರ್ಮೆಂಟರಿನ ತಳದ ಕೆಸರಿನಲ್ಲಿ ಬೆರಳಾಡಿಸಿ ಹುಡುಕಿದಾಗ ಸಿಕ್ಕಿತು.